ಆಟ ನಿಂತರೂ ಬೀಳುತ್ತಲೇ ಇರುವ ಇಟ್ಟಿಗೆಗಳು

ಕಂಪ್ಯೂಟರ್ ಕಟ್ಟಿದ ಲೋಕವನ್ನು ಕಣ್ಣ ಸುತ್ತ ತೋರಿಸುವ ವಿಆರ್ ಹೆಡ್‌ಸೆಟ್ ಹಾಕಿಕೊಂಡವರಿಗೆ ಹೊರಗಿನ ಪ್ರಪಂಚವೇ ಸುಳ್ಳು ಅನ್ನಿಸುತ್ತದಂತೆ. ಗೇಮ್ ಆಡುವವರಿಗೆ ಎದುರಿಗಿರುವ ಮನುಷ್ಯರ ತಲೆ ಮೇಲೆ ಮೆನು ಕಾಣುತ್ತದಂತೆ. ಚಾಟ್‌ಬಾಟ್ ಜೊತೆ ರಾತ್ರಿಯಿಡೀ ಮಾತಾಡಿದವರಿಗೆ ತಲೆ ಕೆಡುತ್ತದಂತೆ. ಇಂಥ ಸುದ್ದಿ ಬಂದಾಗಲೆಲ್ಲ ಒಂದು ಗುಂಪು "ಇದನ್ನೆಲ್ಲ ನಿಲ್ಲಿಸಿ" ಅನ್ನುತ್ತದೆ, ಇನ್ನೊಂದು "ಇದೆಲ್ಲ ಸುಮ್ನೆ ಗುಲ್ಲು" ಅನ್ನುತ್ತದೆ. ನಡುವೆ ನಿಂತವರಿಗೆ ತಲೆಬುಡ ತಿಳಿಯುವುದಿಲ್ಲ.

ತಿಳಿಯದಿರಲು ಕಾರಣವೂ ಇದೆ. ಬೇರೆ ಬೇರೆ ಪ್ರಶ್ನೆಗಳು ಇಲ್ಲಿ ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಆಟ ಬಿಡಲಾಗದ ಚಟದ ಮಾತು ಬೇರೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪರದೆಯ ಮೇಲಿನ ಹಿಂಸೆ ನೋಡಿ ಜನ ಹಿಂಸೆಗೆ ಇಳಿಯುತ್ತಾರಾ ಅನ್ನುವುದು ಮತ್ತೊಂದು, ಆ ಜಗಳ ದಶಕಗಳಿಂದ ನಡೆದೇ ಇದೆ. ಕಲ್ಪನೆ ಯಾವುದು, ನಿಜ ಯಾವುದು ಅನ್ನುವ ಗೆರೆಯೇ ಕೆಲವರಿಗೆ ಕಲಸಿಹೋಗುತ್ತದಾ ಅನ್ನುವುದು ಇವೆರಡಕ್ಕಿಂತ ಬೇರೆಯದೇ ಪ್ರಶ್ನೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ಚರ್ಚೆಯಲ್ಲಿ ಮೊದಲು ಕಳೆದುಹೋಗುವುದೇ ಆ "ಕೆಲವರು".

ಈ ಭಯ ಮಾತ್ರ ಹೊಸದಲ್ಲ. ವೀರರ ಕಥೆ ಓದಿ ಓದಿ ತಾನೇ ವೀರನೆಂದು ಹೊರಟ ಮುದುಕನನ್ನು ಸ್ಪೇನಿನ ಒಂದು ಕಾದಂಬರಿ 1605ರಲ್ಲೇ ತಮಾಷೆ ಮಾಡಿತ್ತು. 1774ರಲ್ಲಿ ಜರ್ಮನ್ ಲೇಖಕ ಗಯಟೆಯ 'ವರ್ದರ್' ಕಾದಂಬರಿ ಬಂದಾಗ ಓದುಗರು ನಾಯಕನನ್ನು ಅನುಕರಿಸುತ್ತಾರೆ ಎಂದು ಹೆದರಿ ಲೈಪ್‌ಜಿಗ್ ನಗರ ಪುಸ್ತಕವನ್ನೂ, ನಾಯಕ ತೊಡುತ್ತಿದ್ದಂಥ ಉಡುಪನ್ನೂ ನಿಷೇಧಿಸಿತು. ಸಿನಿಮಾ ಹೊಸದಾಗಿ ಬಂದಾಗ ತೆರೆಯ ಮೇಲಿನ ರೈಲು ಕಂಡು ಜನ ಎದ್ದುಬಿದ್ದು ಓಡಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಅದು ನಿಜವಾಗಿ ನಡೆಯಿತು ಎನ್ನಲು ಗಟ್ಟಿ ಆಧಾರವಿಲ್ಲ ಎಂದು ಸಿನಿಮಾ ಇತಿಹಾಸಕಾರರು ಹೇಳುತ್ತಾರೆ. ಆದರೂ ಕಥೆ ಬದುಕಿದೆ. ಬೇರೆಯವರು ಮೋಸಹೋದ ಕಥೆ ಕೇಳೋದು ಎಲ್ಲರಿಗೂ ಇಷ್ಟ, ಅಲ್ವಾ?

1938ರ ಅಕ್ಟೋಬರ್ 30ರ ರೇಡಿಯೋ ನಾಟಕದ ಕಥೆಯೂ ಇದೇ ಜಾತಿಯದು. ಮಂಗಳ ಗ್ರಹದವರು ದಾಳಿ ಮಾಡಿದ್ದಾರೆ ಎಂಬ ನಾಟಕವನ್ನು ಆರ್ಸನ್ ವೆಲ್ಸ್ ವಾರ್ತೆಯ ಧಾಟಿಯಲ್ಲಿ ಪ್ರಸಾರ ಮಾಡಿದರು. ಅಮೆರಿಕವಿಡೀ ಬೀದಿಗೆ ಬಿತ್ತು ಎಂದು ಮರುದಿನದ ಪತ್ರಿಕೆಗಳು ಬರೆದವು. ಆದರೆ ಆ ರಾತ್ರಿ ಸುಮಾರು 5,000 ಮನೆಗಳಿಗೆ ಫೋನ್ ಮಾಡಿ ಕೇಳಿದ ಸಮೀಕ್ಷೆಯಲ್ಲಿ ಆ ಕಾರ್ಯಕ್ರಮ ಕೇಳುತ್ತಿದ್ದವರು ಶೇ. 2 ಮಾತ್ರ. ಜಾಹೀರಾತನ್ನೆಲ್ಲ ರೇಡಿಯೋ ಕಸಿಯುತ್ತಿದ್ದ ಕಾಲ ಅದು. ಪತ್ರಿಕೆಗಳಿಗೆ ಈ ಸುದ್ದಿಯನ್ನು ಹಿಗ್ಗಿಸಲು ಬೇರೆ ನೆಪ ಬೇಕಿರಲಿಲ್ಲ. ಹಾಗಂತ ನಂಬಿದವರೇ ಇರಲಿಲ್ಲ ಎಂದಲ್ಲ, ನಿಜಕ್ಕೂ ಹೆದರಿದವರು ಇದ್ದರು. 1949ರಲ್ಲಿ ಈಕ್ವೆಡಾರ್‌ನ ಕೀಟೋದಲ್ಲಿ ಇದೇ ನಾಟಕ ಪ್ರಸಾರವಾದಾಗ ಗುಂಪು ರೇಡಿಯೋ ನಿಲಯಕ್ಕೆ ಬೆಂಕಿಯಿಟ್ಟಿತು, ಜನ ಸತ್ತರು. ಬೆಂಕಿ ಬಿದ್ದದ್ದು ನಾಟಕವನ್ನು ನಂಬಿದಾಗ ಅಲ್ಲ, ತಮ್ಮನ್ನು ನಂಬಿಸಿದರು ಅಂತ ಗೊತ್ತಾದಾಗ.

ಈ ಗದ್ದಲದ ಆಚೆಗೆ ಇನ್ನೊಂದು ಮೆತ್ತಗಿನ ಗೊಂದಲ ನಡೆದೇ ಇತ್ತು. ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್‌ಗೆ ಬರುತ್ತಿದ್ದ ಪತ್ರಗಳಿಗೆ ಉತ್ತರ ಬರೆಯಲು ಲಂಡನ್ನಿನ ಬೇಕರ್ ಸ್ಟ್ರೀಟ್‌ನ ಸಂಸ್ಥೆಯೊಂದು ಒಬ್ಬ ಕಾರ್ಯದರ್ಶಿಯನ್ನೇ ಇಟ್ಟುಕೊಂಡಿತ್ತು. 1969ರಲ್ಲಿ ಶುರುವಾದ ಅಮೆರಿಕದ ಧಾರಾವಾಹಿಯೊಂದರಲ್ಲಿ ಡಾಕ್ಟರ್ ಪಾತ್ರ ಮಾಡಿದ ರಾಬರ್ಟ್ ಯಂಗ್‌ಗೆ ಮೊದಲ ಐದು ವರ್ಷಗಳಲ್ಲಿ ಎರಡೂವರೆ ಲಕ್ಷ ಪತ್ರ ಬಂದವು. ಬಹುಪಾಲು ಪತ್ರಗಳಲ್ಲಿ ಕೇಳಿದ್ದು ಔಷಧಿ ಸಲಹೆ. ಬರೆದವರಿಗೆಲ್ಲ ಹುಚ್ಚು ಹಿಡಿದಿತ್ತಾ? ಖಂಡಿತ ಇಲ್ಲ. ಅವರು ನಟ ಎಂದು ಗೊತ್ತಿದ್ದೂ ಬರೆದವರು ಬಹಳ ಇದ್ದಿರಬೇಕು. ಗೊತ್ತಿರುವುದು ಮತ್ತು ಅನ್ನಿಸುವುದು ಎರಡೂ ಮನಸ್ಸಿನಲ್ಲಿ ಅಕ್ಕಪಕ್ಕದಲ್ಲೇ ಇರಬಲ್ಲವು.

ಇದನ್ನು ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. 1986ರಲ್ಲಿ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು ಜನರ ಕಣ್ಣೆದುರೇ ಎರಡು ಬಾಟಲಿಗೆ ಸಕ್ಕರೆ ಹಾಕಿದರು. ಒಂದಕ್ಕೆ 'ಸಕ್ಕರೆ', ಇನ್ನೊಂದಕ್ಕೆ 'ಸೈನೈಡ್' ಎಂಬ ಚೀಟಿ. ಯಾವುದಕ್ಕೆ ಯಾವ ಚೀಟಿ ಅಂಟಿಸಬೇಕು ಎಂದು ಆರಿಸಿದವರು ಆ ಜನರೇ. ಆಮೇಲೆ ಸೈನೈಡ್ ಚೀಟಿಯ ಬಾಟಲಿಯ ಸಕ್ಕರೆ ನೀರು ಕುಡಿಯಲು ಹಿಂಜರಿದರು. ಎಲ್ಲ ವಯಸ್ಕರೇ. ಇದರ ಪಕ್ಕದಲ್ಲಿ ಪಾಲ್ ಹ್ಯಾರಿಸ್ 1991ರಲ್ಲಿ ಮಕ್ಕಳ ಜೊತೆ ಮಾಡಿದ ಪ್ರಯೋಗ ಇಟ್ಟು ನೋಡಿ. ಖಾಲಿ ಪೆಟ್ಟಿಗೆಯಲ್ಲಿ ರಾಕ್ಷಸ ಇದ್ದಾನೆ ಅಂದುಕೊಳ್ಳಿ ಎಂದರು. ಅದು ಸುಳ್ಳು ಎಂದು ಮಕ್ಕಳು ಒಪ್ಪಿದರು. ದೊಡ್ಡವರು ಕೋಣೆಯಿಂದ ಹೊರಗೆ ಹೋದದ್ದೇ ತಡ, ಕೆಲವರು ಮೆಲ್ಲಗೆ ಪೆಟ್ಟಿಗೆ ತೆರೆದು ನೋಡಿದರು. ನೋಡುವ ಹಂಬಲ ಮಕ್ಕಳದು, ಕುಡಿಯದ ಹಠ ದೊಡ್ಡವರದು. ಅಷ್ಟೇ ವ್ಯತ್ಯಾಸ.

ಹಾಗಾದರೆ ಮನಸ್ಸು ಇವೆರಡನ್ನೂ ಬೇರೆ ಮಾಡುವುದು ಹೇಗೆ? ಇಲ್ಲೊಂದು ಹಳೆಯ, ಚಂದದ ಪ್ರಯೋಗವಿದೆ. 1910ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೇರಿ ಪರ್ಕಿ, ಒಂದು ಗಾಜಿನ ಪರದೆ ನೋಡುತ್ತಾ ಬಾಳೆಹಣ್ಣನ್ನು ಕಲ್ಪಿಸಿಕೊಳ್ಳಿ ಎಂದರು. ಹಿಂದಿನಿಂದ ಗುಟ್ಟಾಗಿ ಬಾಳೆಹಣ್ಣಿನ ಮಸುಕಾದ ಚಿತ್ರ ಬಿಟ್ಟರು. ನೋಡುತ್ತಿದ್ದವರು ಅದನ್ನು ತಮ್ಮ ಕಲ್ಪನೆಯೆಂದೇ ತಿಳಿದರು. ಹಣ್ಣು ಅಡ್ಡಕ್ಕೆ ಮಲಗಿದೆ ಅಂದುಕೊಂಡಿದ್ದೆ, ಇದೇಕೆ ನೆಟ್ಟಗೆ ನಿಂತಿದೆ ಎಂದು ಅಚ್ಚರಿಪಟ್ಟವರೂ ಇದ್ದರು! 1981ರಲ್ಲಿ ಮಾರ್ಸಿಯಾ ಜಾನ್ಸನ್ ಮತ್ತು ಕ್ಯಾರಲ್ ರೇ ನೆನಪಿನ ವಿಷಯದಲ್ಲಿ ಇದನ್ನು ಒಂದು ಸಿದ್ಧಾಂತವಾಗಿಯೇ ಕಟ್ಟಿದರು. ನೆನಪಿನ ಮೇಲೆ "ಇದು ನಡೆದದ್ದು", "ಇದು ಊಹಿಸಿದ್ದು" ಎಂಬ ಮೊಹರು ಇರುವುದಿಲ್ಲ. ಬಣ್ಣ, ಸದ್ದು, ಜಾಗ, ವಿವರ ಎಷ್ಟು ಗಾಢವಾಗಿವೆ ಎಂದು ನೋಡಿ ಮಿದುಳು ಆಮೇಲೆ ತೀರ್ಪು ಕೊಡುತ್ತದೆ. 2023ರಲ್ಲಿ ಲಂಡನ್ನಿನ ನಡೀನ್ ಡೈಕ್‌ಸ್ಟ್ರಾ ಅವರ ತಂಡವೂ ಹತ್ತಿರದ ಮಾತನ್ನೇ ಹೇಳಿತು. ಕಲ್ಪನೆ ಒಂದು ಮಟ್ಟ ದಾಟಿ ಕಣ್ಣಿಗೆ ಕಟ್ಟಿದ ಹಾಗೆ ಬಂದರೆ ಅದನ್ನು ನಿಜ ಎಂದುಕೊಳ್ಳುವ ಸಾಧ್ಯತೆ ಹೆಚ್ಚು.

ಈಗ ಯೋಚಿಸಿ. ಹೊಸ ಮನರಂಜನೆಯೆಲ್ಲ ಪೈಪೋಟಿಗೆ ಬಿದ್ದು ಹೆಚ್ಚಿಸುತ್ತಿರುವುದು ಇದೇ ಬಣ್ಣ, ಸದ್ದು, ಜಾಗ, ವಿವರಗಳನ್ನು.

ಆಟಗಳಿಂದಲೇ ಶುರುಮಾಡೋಣ. 2000ದಲ್ಲಿ ಹಾರ್ವರ್ಡ್‌ನ ರಾಬರ್ಟ್ ಸ್ಟಿಕ್‌ಗೋಲ್ಡ್ ತಂಡ 27 ಜನರಿಗೆ ಮೂರು ದಿನಗಳಲ್ಲಿ ಏಳು ಗಂಟೆ ಟೆಟ್ರಿಸ್ ಆಡಿಸಿತು, ಮೇಲಿನಿಂದ ಬೀಳುವ ಇಟ್ಟಿಗೆಯಾಕಾರಗಳನ್ನು ಜೋಡಿಸುವ ಆಟ ಅದು. ನಿದ್ದೆಗೆ ಜಾರುವ ಹೊತ್ತಿನಲ್ಲಿ ಬಹಳ ಜನರಿಗೆ ಇಟ್ಟಿಗೆಗಳು ಬೀಳುವುದು ಕಂಡಿತು. ಇದರಲ್ಲಿ ವಿಶೇಷವೇನಿಲ್ಲ, ದಿನವಿಡೀ ಮಾಡಿದ ಕೆಲಸದ ಗುಂಗು ಎಲ್ಲರಿಗೂ ಇರುತ್ತದೆ. ಬೆರಗು ಬೇರೆ ಕಡೆ ಇತ್ತು. ಅವರಲ್ಲಿ ಐವರು ಮಿದುಳಿಗೆ ಪೆಟ್ಟಾಗಿ ಹೊಸ ನೆನಪೇ ಉಳಿಯದವರು. ಪ್ರತಿ ಸಲ ಅವರಿಗೆ ಆಟವನ್ನು ಹೊಸದಾಗಿ ಹೇಳಿಕೊಡಬೇಕಿತ್ತು. ಆ ಐವರಲ್ಲಿ ಮೂವರು, ತಾವು ಆಡಿದ್ದೇ ನೆನಪಿಲ್ಲದವರು, ಕಣ್ಣು ಮುಚ್ಚಿದಾಗ ತಿರುಗುತ್ತಾ ಬೀಳುವ ಆಕಾರಗಳನ್ನು ಕಂಡರು. ಎಲ್ಲಿಂದ ಬಂತು ಎಂದು ಅವರಿಗೆ ತಿಳಿಯಲಿಲ್ಲ. ಅನುಭವ ಒಳಗೆ ಇಳಿದಿದೆ, ಅದರ ಮೂಲದ ಗುರುತು ಮಾತ್ರ ಇಲ್ಲ.

2011ರಲ್ಲಿ ಆಂಜೆಲಿಕಾ ಓರ್ಟಿಜ್ ದೆ ಗೊರ್ಟಾರಿ ಮತ್ತು ಸಂಗಡಿಗರು 15ರಿಂದ 21 ವಯಸ್ಸಿನ 42 ಸ್ವೀಡಿಷ್ ಆಟಗಾರರನ್ನು ಮಾತಾಡಿಸಿದರು. ದೂರದ ವಸ್ತು ಎತ್ತಿಕೊಳ್ಳಲು ಬೆರಳು ಇಲ್ಲದ ಬಟನ್ ಹುಡುಕುವುದು, ಆಟದ ಸದ್ದು ಕಿವಿಯಲ್ಲಿ ಮೊಳಗುವುದು, ಜನರ ಪಕ್ಕ ಮೆನು ಕಾಣುವುದು, ಹೀಗೆ ಅನುಭವಗಳು ಬಂದವು. ಸುದ್ದಿಯಾದದ್ದು ಮಾತ್ರ ಆಟಗಾರರಿಗೆ ಲೋಕವೇ ಗೊತ್ತಾಗುತ್ತಿಲ್ಲ ಎಂಬ ಧಾಟಿಯಲ್ಲಿ. ಆಟಗಾರರು ಸಿಟ್ಟಾದರು. ಆಮೇಲೆ ಆ ಸಂಶೋಧಕರೇ 2,300ಕ್ಕೂ ಹೆಚ್ಚು ಆಟಗಾರರ ಸಮೀಕ್ಷೆ ಮಾಡಿದಾಗ ಶೇ. 97ರಷ್ಟು ಜನ ಇಂಥದ್ದೊಂದಾದರೂ ಆಗಿದೆ ಎಂದರು. ಸ್ವಂತ ಇಚ್ಛೆಯಿಂದ ಉತ್ತರಿಸಿದವರ ಲೆಕ್ಕ ಅದು, ಹಾಗಾಗಿ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಆದರೂ ಇಷ್ಟು ಸ್ಪಷ್ಟ: ಆಟದಿಂದ ಬದುಕಿಗೆ ಇಂಥ ಕ್ಷಣ ಹೊತ್ತಿನ ಸೋರಿಕೆ ತೀರಾ ಮಾಮೂಲಿ. ಬಹುಪಾಲು ಜನ ನಕ್ಕು ಸುಮ್ಮನಾಗುತ್ತಾರೆ. ಕಾಯಿಲೆಯ ಗುರುತು ಸೋರಿಕೆಯಲ್ಲಿಲ್ಲ, ಅದನ್ನು ನೋಡಿ ನಗಲಾಗದ ಸ್ಥಿತಿಯಲ್ಲಿದೆ.

ವಿಆರ್‌ನಲ್ಲಿ ಕಥೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ನಾನೂ ಒಮ್ಮೆ ಹೆಡ್‌ಸೆಟ್ ಹಾಕಿ, ಎತ್ತರದ ಕಟ್ಟಡದಿಂದ ಚಾಚಿದ ಹಲಗೆ ಮೇಲೆ ನಿಂತಿದ್ದೇನೆ. ಕಾಲ ಕೆಳಗೆ ಗಟ್ಟಿ ನೆಲ ಇದೆ ಅಂತ ನನಗೆ ಗೊತ್ತಿತ್ತು. ಮೊಣಕಾಲಿಗೆ ಗೊತ್ತಿರಲಿಲ್ಲ. ವಿಆರ್ ಸಂಶೋಧಕ ಮೆಲ್ ಸ್ಲೇಟರ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. 2006ರ ಅವರ ಪ್ರಯೋಗದಲ್ಲಿ, ಕಂಪ್ಯೂಟರ್ ಹೆಣ್ಣೊಬ್ಬಳು ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ಕೊಡಬೇಕಿತ್ತು. ಅವಳೂ ಶಾಕೂ ಎರಡೂ ಸುಳ್ಳು ಎಂದು ಎಲ್ಲರಿಗೂ ಗೊತ್ತು. ಆದರೂ ಅವಳನ್ನು ಕಣ್ಣಾರೆ ಕಂಡವರ ಮೈ ನಿಜವಾದ ಸಂಕಟದಲ್ಲಿರುವಂತೆ ಪ್ರತಿಕ್ರಿಯಿಸಿತು.

ಹೆಡ್‌ಸೆಟ್ ತೆಗೆದ ಮೇಲೆ ಏನಾಗುತ್ತದೆ? 2010ರಲ್ಲಿ ಕೆನಡಾದ ಸಂಶೋಧಕರು ವಿಆರ್‌ಗೆ ಮೊದಲು ಮತ್ತು ನಂತರ ಜನರ ಮನಸ್ಥಿತಿಯನ್ನು ಅಳೆದರು. ಹೊರಗೆ ಬಂದ ಮೇಲೆ ನಿಜಲೋಕ ತುಸು ಪೇಲವ, ತಾವು ಅದರಿಂದ ತುಸು ದೂರ ಎಂಬ ಭಾವ ಹೆಚ್ಚಿತ್ತು. ಮೊದಲೇ ಸುಲಭವಾಗಿ ಮೈಮರೆಯುವ ಸ್ವಭಾವದವರಲ್ಲಿ ಇದು ಜಾಸ್ತಿ. 2014ರಲ್ಲಿ ಜರ್ಮನಿಯ ಫ್ರಾಂಕ್ ಸ್ಟೈನಿಕೆ, ಸಹೋದ್ಯೋಗಿಯ ಕಾವಲಿನಲ್ಲಿ, ಸಣ್ಣ ಬಿಡುವು ಬಿಟ್ಟರೆ ಪೂರ್ತಿ 24 ಗಂಟೆ ವಿಆರ್ ಒಳಗೆ ಇದ್ದು ನೋಡಿದರು. ನಡುನಡುವೆ ತಾವು ಯಾವ ಲೋಕದಲ್ಲಿದ್ದೇವೆ ಎಂಬುದೇ ಅವರಿಗೆ ಗೊಂದಲವಾಯಿತು, ಒಂದರ ಘಟನೆಯನ್ನು ಇನ್ನೊಂದಕ್ಕೆ ಸೇರಿಸಿಬಿಟ್ಟರು. ಅವರು ವಿಆರ್ ಅನ್ನೇ ಅರೆದು ಕುಡಿದ ತಜ್ಞ ಎಂಬುದು ನೆನಪಿರಲಿ. ಇನ್ನು ಸ್ಟ್ಯಾನ್‌ಫರ್ಡ್‌ನಲ್ಲಿ 2009ರಲ್ಲಿ ಸಣ್ಣ ಮಕ್ಕಳಿಗೆ, ಅವರದೇ ರೂಪ ತಿಮಿಂಗಿಲಗಳ ಜೊತೆ ಈಜುವುದನ್ನು ತೋರಿಸಲಾಯಿತು. ಕೆಲ ದಿನ ಬಿಟ್ಟು ಕೇಳಿದರೆ, ನಿಜವಾಗಿ ಈಜಿದ್ದೇವೆ ಎಂದು ನಂಬಿದ ಮಕ್ಕಳಿದ್ದರು. ಇದೆಲ್ಲ ತಿಳಿದ ಮೇಲೂ, ಹೆಡ್‌ಸೆಟ್ ಮಾರುವ ದೊಡ್ಡ ಕಂಪನಿಯೊಂದು 13 ವರ್ಷ ಇದ್ದ ವಯಸ್ಸಿನ ಮಿತಿಯನ್ನು 2023ರಲ್ಲಿ 10ಕ್ಕೆ ಇಳಿಸಿತು. ಪಾಲಕರ ಒಪ್ಪಿಗೆ ಬೇಕು ಎಂಬ ಷರತ್ತು ಇದೆ, ಇಲ್ಲ ಎಂದಲ್ಲ.

ಆ "ಕೆಲವರು" ಯಾರು ಎಂಬ ಪ್ರಶ್ನೆಗೆ ಈಗ ಬರಬಹುದು. ಕಥೆಯಲ್ಲಿ ಪೂರ್ತಿ ಮುಳುಗುವ ಸ್ವಭಾವವನ್ನು ಅಳೆಯುವ ಪ್ರಶ್ನಾವಳಿ 1974ರಿಂದಲೇ ಇದೆ. ಈ ಸ್ವಭಾವವೇ ಒಳ್ಳೆಯ ಓದುಗರನ್ನೂ ಕಲಾವಿದರನ್ನೂ ಮಾಡುತ್ತದೆ, ಅದನ್ನು ರೋಗ ಅನ್ನಲಾಗದು. ನಿದ್ದೆಗೇಡು, ಒಂಟಿತನ, ಅಮಲು, ನಿಜದ ಹಿಡಿತ ತಪ್ಪುವ ಮನೋರೋಗವಾದ ಸೈಕೋಸಿಸ್‌ನ ಆರಂಭ ಇದರ ಜೊತೆ ಕೂಡಿದಾಗ ಮಾತು ಬೇರೆ. ಇಂಥ ಕಾಯಿಲೆಗಳಲ್ಲೊಂದಾದ ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ. ಜನ ಅತಿ ಹೆಚ್ಚು ಗೇಮ್ ಆಡುವ ವಯಸ್ಸೂ ಅದೇ. ಹಾಗಾಗಿ ಎರಡೂ ಒಟ್ಟಿಗೆ ಕಂಡಾಗ ಒಂದರಿಂದ ಇನ್ನೊಂದು ಬಂತು ಎನ್ನುವ ಅವಸರ ಬೇಡ. ಭ್ರಮೆ ತನ್ನ ಕಾಲದ ಬಟ್ಟೆ ತೊಟ್ಟು ಬರುತ್ತದೆ ಎಂಬುದನ್ನು ಮನೋವೈದ್ಯರು ಬಹಳ ಹಿಂದೆಯೇ ಗಮನಿಸಿದ್ದಾರೆ. ತಮ್ಮ ಬದುಕೇ ಒಂದು ಗುಪ್ತ ಟಿವಿ ಕಾರ್ಯಕ್ರಮ ಎಂದು ನಂಬಿದ ರೋಗಿಗಳ ಬಗ್ಗೆ ಜೋಯಲ್ ಮತ್ತು ಇಯಾನ್ ಗೋಲ್ಡ್ 2012ರಲ್ಲಿ ಬರೆದರು. ರಿಯಾಲಿಟಿ ಷೋ ಆ ಭ್ರಮೆಗೆ ರೂಪ ಕೊಟ್ಟಿತ್ತು. ಹುಟ್ಟಿಸಿದ್ದೂ ಅದೇ ಎನ್ನಲು ಪುರಾವೆ ಇರಲಿಲ್ಲ.

ಇದೇ ತಂತ್ರಜ್ಞಾನ ಮದ್ದೂ ಆಗಿದೆ ಎಂಬುದು ಈ ಗದ್ದಲದಲ್ಲಿ ಕೇಳುವುದೇ ಇಲ್ಲ. ಸೈಕೋಸಿಸ್ ಇದ್ದು, ಭಯದಿಂದ ಮನೆಯಾಚೆ ಕಾಲಿಡಲಾಗದ 346 ಜನರ ಮೇಲೆ ಇಂಗ್ಲೆಂಡಿನಲ್ಲಿ ವಿಆರ್ ಚಿಕಿತ್ಸೆಯ ಪರೀಕ್ಷೆ ನಡೆದು 2022ರಲ್ಲಿ ಫಲಿತಾಂಶ ಬಂತು. ಬಸ್ಸು, ಅಂಗಡಿ, ಬೀದಿಯನ್ನು ಮೊದಲು ಹೆಡ್‌ಸೆಟ್‌ನಲ್ಲಿ ಎದುರಿಸಿದವರಿಗೆ ಹೊರಗಿನ ಭಯ ಕಡಿಮೆಯಾಯಿತು. ತೀವ್ರವಾಗಿ ನರಳುತ್ತಿದ್ದವರಿಗೇ ಹೆಚ್ಚು ಲಾಭ. ಆದರೆ ಅಲ್ಲಿ ಪ್ರತಿ ಕೂಟಕ್ಕೂ ಒಂದು ಆದಿ, ಒಂದು ಅಂತ್ಯ, ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದರು.

ಪುಸ್ತಕಕ್ಕೆ ಕೊನೆಯ ಪುಟ ಇತ್ತು, ಸಿನಿಮಾ ಮುಗಿದರೆ ದೀಪ ಹತ್ತುತ್ತಿತ್ತು, ಧಾರಾವಾಹಿಗೆ ನಾಳೆಯವರೆಗೆ ಕಾಯಬೇಕಿತ್ತು. ಮೂಲದ ಗುರುತು ಹಿಡಿಯಲು ಮನಸ್ಸಿಗೆ ಸಿಗುತ್ತಿದ್ದ ಬಿಡುವು ಅದು. ಈಗಿನ ವಿನ್ಯಾಸಗಳಲ್ಲಿ ಬಿಡುವೇ ದೋಷ. ಜನ ಎದ್ದುಹೋದರೆ ಯಾರಿಗೋ ನಷ್ಟ.

ಚಾಟ್‌ಬಾಟ್ ಇದಕ್ಕೆ ಮಾತನ್ನು ಸೇರಿಸಿತು. 1966ರಲ್ಲಿ ಜೋಸೆಫ್ ವೈಜನ್‌ಬಾಮ್, ನಾವು ಹೇಳಿದ್ದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳುವ 'ಎಲೈಜಾ' ಎಂಬ ಪ್ರೋಗ್ರಾಂ ಬರೆದರು. ಅದನ್ನು ತಿಂಗಳುಗಟ್ಟಲೆ ಕಟ್ಟಿದ್ದನ್ನು ನೋಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಒಂದೆರಡು ಮಾತಾಡಿದ ಮೇಲೆ, ನೀವು ಸ್ವಲ್ಪ ಹೊರಗೆ ಹೋಗಿ ಎಂದರಂತೆ. ಇವತ್ತಿನವು ಅದರ ನೂರು ಪಟ್ಟು ಜಾಣ, ಜೊತೆಗೆ ಹೇಳಿದ್ದಕ್ಕೆಲ್ಲ ತಲೆದೂಗುವ ಚಾಳಿ ಬೇರೆ. ಸೈಕೋಸಿಸ್‌ನತ್ತ ವಾಲಿದವರ ಭ್ರಮೆಯನ್ನು ಇವು ಬಲಪಡಿಸಬಹುದಾ ಎಂದು ಡೆನ್ಮಾರ್ಕಿನ ಮನೋವೈದ್ಯ ಸೋರೆನ್ ಓಸ್ಟರ್‌ಗಾರ್ಡ್ 2023ರಲ್ಲಿ ಕೇಳಿದರು. 2025ರ ಹೊತ್ತಿಗೆ ಅಂಥ ಪ್ರಕರಣಗಳ ವರದಿ ಬರತೊಡಗಿದವು. ಹೊಗಳಿಕೆ ಅತಿಯಾಯಿತು ಎಂದು ಅದೇ ವರ್ಷ ಒಂದು ಕಂಪನಿ ತನ್ನ ಹೊಸ ಆವೃತ್ತಿಯನ್ನು ಹಿಂದಕ್ಕೆ ಪಡೆಯಿತು.

ಪ್ರಯೋಗಾಲಯದ ಅಧ್ಯಯನಗಳು ಹೆಚ್ಚಾಗಿ ಕೆಲವು ಡಜನ್ ಜನರವು, ಕೆಲವು ನಿಮಿಷ ಅಥವಾ ಗಂಟೆಗಳವು. ಮನೆಯಲ್ಲಿ, ನಡುರಾತ್ರಿಯ ನಂತರ, ತಿಂಗಳುಗಟ್ಟಲೆ ಯಾರು ಎಷ್ಟು ಹೊತ್ತು ಒಳಗಿದ್ದರು, ಯಾವಾಗ ಹೊರಬಂದರು ಎಂಬ ಲೆಕ್ಕ ಇರುವುದು ಕಂಪನಿಗಳ ಸರ್ವರ್‌ಗಳಲ್ಲಿ. ಅದು ಸಂಶೋಧಕರ ಕೈಗೆ ಸಿಗುವುದು ಅಪರೂಪ. ಸದ್ಯಕ್ಕೆ ವೈದ್ಯರಿಗೆ ಉಳಿದಿರುವ ದಾರಿ ರೋಗಿಯನ್ನೇ ಕೇಳುವುದು: ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ, ಯಾರ ಜೊತೆ ಮಾತಾಡುತ್ತೀರಿ, ಅದು ನಿಮಗೆ ಏನು ಹೇಳಿತು?