ಎಂಜಿನ್ ಗೂಡಿನ ಚಿನ್ನ

ಮೆಕ್‌ಲಾರೆನ್ ಎಫ್1 ಎಂಬ ಸ್ಪೋರ್ಟ್ಸ್ ಕಾರಿನ ಹಿಂಬದಿಯ ಮುಚ್ಚಳ ಎತ್ತಿದರೆ ಎಂಜಿನ್ನಿನ ಸುತ್ತಲೂ ಚಿನ್ನ ಮಿನುಗುತ್ತದೆ. ತೆಳುಹಾಳೆಯಾಗಿ ಬಡಿದ ಅಪ್ಪಟ ಚಿನ್ನ, ಸುಮಾರು 16 ಗ್ರಾಂ, ಅಂದರೆ ಎರಡು ಸವರನ್. ಇದು ಸಿರಿವಂತರ ಮನ ಒಲಿಸಲು ಮಾಡಿದ ಅಲಂಕಾರವಲ್ಲ. ಈ ಕಾರಿನ ಒಡಲು ಕಾರ್ಬನ್ ಫೈಬರಿನದು. ಅದರ ಎಳೆಗಳನ್ನು ಬೆಸೆದಿರುವ ರಾಳ ವಿಪರೀತ ಕಾದರೆ ಮೆತ್ತಗಾಗುತ್ತದೆ. ಚಿನ್ನವೋ ಶಾಖ ಹೊತ್ತು ತರುವ ಅವಗೆಂಪು ಕಿರಣಗಳನ್ನು ಬಹುಪಾಲು ಬಂದ ದಾರಿಗೇ ಹಿಂದಿರುಗಿಸುತ್ತದೆ, ಎಷ್ಟು ಕಾದರೂ ಕಿಲುಬು ಹಿಡಿಯುವುದಿಲ್ಲ.

ವಿನ್ಯಾಸಕ ಗಾರ್ಡನ್ ಮರ್ರೆ ಗ್ರಾಂ ಗ್ರಾಂ ಲೆಕ್ಕ ಹಾಕುವ ಮನುಷ್ಯ. ಪವರ್ ಸ್ಟೀರಿಂಗ್ ಬೇಡವೆಂದರು, ಎಂಜಿನ್ನಿಗೆ ಹೆಚ್ಚುವರಿ ಗಾಳಿ ತುಂಬುವ, ಆದರೆ ಓಗೊಡಲು ತುಸು ತಡಮಾಡುವ ಟರ್ಬೊ ಕೂಡ ಬೇಡವೆಂದರು. ಕಾಲು ಒತ್ತಿದ ಕ್ಷಣವೇ ಎಂಜಿನ್ ಓಗೊಡಬೇಕಿತ್ತು. ಚಾಲಕನನ್ನು ನಟ್ಟನಡುವೆ ಕೂರಿಸಿದರು. ಬಿಎಂಡಬ್ಲ್ಯುವಿನ ಎಂಜಿನಿಯರ್ ಪೌಲ್ ರೋಶೆ ಮರ್ರೆಗಾಗಿ 6.1 ಲೀಟರಿನ, 12 ಸಿಲಿಂಡರುಗಳ, 627 ಅಶ್ವಶಕ್ತಿಯ ಎಂಜಿನ್ ಕಟ್ಟಿಕೊಟ್ಟರು. ಇಷ್ಟೆಲ್ಲ ಸೇರಿಯೂ ಕಾರಿನ ತೂಕ ಸುಮಾರು 1,140 ಕಿಲೋ. ಇಂಗ್ಲೆಂಡಿನ ವೋಕಿಂಗ್‌ನಲ್ಲಿ 1998ರವರೆಗೆ ತಯಾರಾದದ್ದು 106 ಮಾತ್ರ.

ಮರ್ರೆ ವೇಗದ ದಾಖಲೆಗೆಂದು ಈ ಕಾರನ್ನು ಮಾಡಲಿಲ್ಲ, ನನಗೆ ಅದೇ ಇದರ ದೊಡ್ಡಸ್ತಿಕೆ. ಹಗುರವಾದ ಕಾರು ಬೇಗ ಓಟ ಹಿಡಿಯುತ್ತದೆ, ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ಆದರೆ ಗರಿಷ್ಠ ವೇಗದಲ್ಲಿ ತೂಕದ ಆಟ ಹೆಚ್ಚು ನಡೆಯದು, ಅಲ್ಲಿ ಎದುರಾಳಿ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಿ ಸಾಗಲು ಬೇಕಾದ ಶಕ್ತಿ ಎಂಟು ಪಟ್ಟು. ಗಂಟೆಗೆ 300 ಕಿಲೋಮೀಟರಿನಿಂದ, ಈ ಕಾರು ಮುಂದೆ ಮುಟ್ಟಿದ 386ಕ್ಕೆ ಏರಲು ಎರಡು ಪಟ್ಟಿಗೂ ಮಿಕ್ಕಿದ ಶಕ್ತಿ ಬೇಕು. ಆದ್ದರಿಂದಲೇ ಈ ಕಾರಿನ ಮೈ ಅಷ್ಟು ನಯ, ಮುಂಭಾಗ ಅಷ್ಟು ಕಿರಿದು.

1998ರ ಮಾರ್ಚ್ 31ರಂದು ಜರ್ಮನಿಯ ಏರಾ-ಲೆಸ್ಸಿನ್ ಪರೀಕ್ಷಾ ಪಥಕ್ಕೆ ಮಾರಾಟಕ್ಕೆ ಮುನ್ನ ಪರೀಕ್ಷೆಗೆಂದು ಕಟ್ಟಿದ್ದ, ಐದು ವರ್ಷ ಹಳೆಯ ಮೂಲಮಾದರಿ ಕಾರೊಂದನ್ನು ಒಯ್ದರು. ಸಾಮಾನ್ಯವಾಗಿ ಎಂಜಿನ್ನಿಗೆ ನಿಮಿಷಕ್ಕೆ 7,500 ಸುತ್ತುಗಳ ಕಡಿವಾಣವಿತ್ತು. ಅಂದು ಅದನ್ನು 8,300ಕ್ಕೆ ಸಡಿಲಿಸಿದರು. ರೇಸ್ ಚಾಲಕ ಆಂಡಿ ವಾಲೇಸ್ ಆ ಕಾರನ್ನು ಗಂಟೆಗೆ 386.4 ಕಿಲೋಮೀಟರಿಗೆ ಮುಟ್ಟಿಸಿ ದಾಖಲೆ ಬರೆದರು. ಅಂದರೆ ಒಂದೊಂದು ಸೆಕೆಂಡಿಗೆ 107 ಮೀಟರ್.

2005ರಲ್ಲಿ ಅದೇ ಪಥದಲ್ಲಿ ಬುಗಾಟಿ ವೇರಾನ್ 400ರ ಗಡಿ ದಾಟಿತು. ಅದಕ್ಕೆ ನಾಲ್ಕು ಟರ್ಬೊ, 1,001 ಅಶ್ವಶಕ್ತಿ ಬೇಕಾಯಿತು. ಎಫ್1ಗಿಂತ ಅದು ಮುಂದೆ ಹೋದದ್ದು ಗಂಟೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್.