ತೋಟ ಒಂದೇ, ನ್ಯಾಯ ಮೂರು

ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮ ಚಿಕ್ಕಪ್ಪನ ತೋಟ ಇದೆ. ಅಡಿಕೆ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಕಾಫಿ ಗಿಡ. ಬೆಳಿಗ್ಗೆ ಎದ್ದು ಮೊಬೈಲು ಹಿಡಿದರೆ ಅವರು ಮೊದಲು ನೋಡುವುದು ರೇಟು. ಕಾಫಿಗೆ ನ್ಯೂಯಾರ್ಕ್ ಮತ್ತು ಲಂಡನ್, ಮೆಣಸಿಗೆ ಕೊಚ್ಚಿ, ಅಡಿಕೆಗೆ ಶಿವಮೊಗ್ಗ.

ಡಾಲರ್ ಎದುರು ರೂಪಾಯಿ ಇಳಿದ ದಿನ ಅವರಿಗೆ ಒಳಗೊಳಗೇ ಖುಷಿ. ಕಾಫಿಗೆ ನಾಲ್ಕು ಕಾಸು ಜಾಸ್ತಿ ಬರುತ್ತದಲ್ಲ. ಅದೇ ದಿನ ಪೇಪರಿನಲ್ಲಿ ಹೊರದೇಶದ ಅಡಿಕೆ ಬಂತು ಅಂತ ಓದಿದರೆ, "ಗಡಿ ಮುಚ್ಚಬೇಕು ಮಾರಾಯ, ಒಂದು ಕಾಳೂ ಒಳಗೆ ಬಿಡಬಾರದು" ಅನ್ನುತ್ತಾರೆ. ಕಾಫಿಗೆ ಬಾಗಿಲು ತೆರೆದಿರಬೇಕು, ಅಡಿಕೆಗೆ ಮುಚ್ಚಿರಬೇಕು. ಮೆಣಸಿಗೆ ಅರ್ಧ ತೆರೆದು ಅರ್ಧ ಮುಚ್ಚಿರಬೇಕು. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನನಗೆ ಹಾಗನಿಸುವುದಿಲ್ಲ. ಈ ಮೂರು ನ್ಯಾಯದ ಹಿಂದೆ ನಾಲ್ಕು ನೂರು ವರ್ಷದ ವ್ಯಾಪಾರ ಇದೆ.

ಮೆಣಸಿನಿಂದಲೇ ಶುರು ಮಾಡೋಣ.

1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಕೆಳದಿ ಅರಸರ ರಾಜಧಾನಿ ಇಕ್ಕೇರಿಗೆ ಬಂದ. ಒಬ್ಬನೇ ಅಲ್ಲ, ಗೋವಾದ ಪೋರ್ಚುಗೀಸ್ ಸರ್ಕಾರ ಕಳಿಸಿದ ರಾಯಭಾರಿಯ ಜೊತೆ. ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿದರು. ದಾರಿಯಲ್ಲಿ ಒಂದು ದೇವಸ್ಥಾನದ ಜಗುಲಿಯ ಮೇಲೆ ಹುಡುಗರು ಮರಳಿನಲ್ಲಿ ಬೆರಳಿಂದ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬೆರಗಿನಿಂದ ಬರೆದಿದ್ದಾನೆ. ರಾಯಭಾರಿ ಇಷ್ಟು ದೂರ ಬಂದದ್ದೂ ಲೆಕ್ಕಕ್ಕೇ. ಕೆಳದಿ ಅರಸ ವೆಂಕಟಪ್ಪನಾಯಕನ ಜೊತೆ ಮಾತಾಡಬೇಕಿದ್ದ ವಿಷಯಗಳಲ್ಲಿ ಕರಾವಳಿಯ ಬಂಗ ಅರಸನ ತಕರಾರು ಒಂದು, ಮೆಣಸು ಇನ್ನೊಂದು.

ಗಮನಿಸಬೇಕಾದ್ದು ಯಾರು ಯಾರ ಮನೆ ಬಾಗಿಲಿಗೆ ಬಂದರು ಅನ್ನುವುದನ್ನ. ಹಡಗು, ಫಿರಂಗಿ ಇದ್ದವರು ಘಟ್ಟ ಹತ್ತಿ ಬಂದು ಇಕ್ಕೇರಿಯಲ್ಲಿ ಕಾದು ಕೂತರು. ಯಾಕೆ? ಯೂರೋಪಿಗೆ ಆಗ ಮೆಣಸು ಸಿಗುತ್ತಿದ್ದ ಜಾಗಗಳು ಕಡಿಮೆ. ಅವುಗಳಲ್ಲಿ ನಮ್ಮ ಘಟ್ಟ ಒಂದು. ಇದಕ್ಕೂ ಹಿಂದೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತಲೇ ಕರೆಯುತ್ತಿದ್ದರು. ಹೊಗಳಿಕೆಯೋ ಹೊಟ್ಟೆಯುರಿಯೋ, ಎರಡೂ ಇರಬಹುದು.

ಪೋರ್ಚುಗೀಸರು 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಕೋಟೆ ಕಟ್ಟಿಕೊಂಡಿದ್ದರು. ಸಮುದ್ರದಲ್ಲಿ ಓಡಾಡುವ ಹಡಗಿಗೆ ಅವರ ಪರವಾನಗಿ ಚೀಟಿ ಬೇಕಿತ್ತು. ಮೆಣಸು ನಿಮ್ಮದು, ದಾರಿ ನಮ್ಮದು ಅನ್ನುವ ಲೆಕ್ಕ. 1650ರ ದಶಕದಲ್ಲಿ ಶಿವಪ್ಪನಾಯಕ ಆ ಕೋಟೆಗಳನ್ನು ಕಿತ್ತುಕೊಂಡ. ನಾವು ಶಾಲೆಯಲ್ಲಿ ಶಿವಪ್ಪನಾಯಕನ 'ಶಿಸ್ತು' ಅಂದರೆ ಭೂಕಂದಾಯದ ಪದ್ಧತಿ ಅಂತ ಓದಿದವರು. ಅವನು ಬಂದರಿನ ಅರಸನೂ ಹೌದು ಅನ್ನುವುದನ್ನ ಅಷ್ಟಾಗಿ ಯಾರೂ ಹೇಳಲಿಲ್ಲ. ಕೆಳದಿಯ ಬೊಕ್ಕಸ ತುಂಬಿದ್ದು ಗದ್ದೆಯ ಕಂದಾಯದಿಂದ ಮಾತ್ರ ಅಲ್ಲ, ಘಟ್ಟ ಇಳಿಯುವ ಹೇರಿನಿಂದ ಕೂಡ. ಮೆಣಸು, ಏಲಕ್ಕಿ, ಶ್ರೀಗಂಧ ಎತ್ತಿನ ಬೆನ್ನ ಮೇಲೆ ಕೆಳಗೆ ಹೋಗುತ್ತಿತ್ತು. ಉಪ್ಪು ಮೇಲೆ ಬರುತ್ತಿತ್ತು. ಕರಾವಳಿಯ ಅಕ್ಕಿ ಗೋವಾಕ್ಕೂ ಮಸ್ಕತ್‌ಗೂ ಹೋಗುತ್ತಿತ್ತು. ಕುದುರೆ ಮಾತ್ರ ಸಮುದ್ರ ದಾಟಿ ಬರಬೇಕಿತ್ತು. ಸೈನ್ಯ ಇಟ್ಟುಕೊಂಡ ಅರಸನಿಗೆ ಅದು ಅಗತ್ಯದ ಆಮದು.

ಇದರಲ್ಲಿ ಒಂದು ಜಾಣತನ ಇತ್ತು. ಕೊಳ್ಳುವವರು ಒಬ್ಬರೇ ಆಗದಂತೆ ಕೆಳದಿಯವರು ನೋಡಿಕೊಂಡರು. ಪೋರ್ಚುಗೀಸರ ಜೊತೆಗೇ ಅರಬರು, ಡಚ್ಚರು, ಇಂಗ್ಲಿಷರು ಎಲ್ಲರೂ ಗಿರಾಕಿಗಳು. ಒಬ್ಬ ಕಡಿಮೆ ಬೆಲೆ ಕೇಳಿದರೆ ಇನ್ನೊಬ್ಬನ ಕಡೆ ಮುಖ ಮಾಡಬಹುದು. ಇವತ್ತಿನ ಶಿವಮೊಗ್ಗ ಮಂಡಿಯಲ್ಲೂ ಬೆಳೆಗಾರ ಹುಡುಕುವುದು ಇದನ್ನೇ ಅಲ್ವಾ?

1763ರಲ್ಲಿ ಹೈದರಾಲಿ ಕೆಳದಿಯವರ ಆಗಿನ ರಾಜಧಾನಿ ಬಿದನೂರು ಹಿಡಿದ. ಅವನ ಮಗ ಟಿಪ್ಪು ಮೆಣಸು, ಗಂಧ, ಏಲಕ್ಕಿ ವ್ಯಾಪಾರವನ್ನು ಸರ್ಕಾರದ ಕೈಗೇ ತಗೊಂಡು ಮಸ್ಕತ್‌ನಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಇಟ್ಟ. ಆಮೇಲೆ 1799. ಟಿಪ್ಪು ಸತ್ತ ಮೇಲೆ ಇಂಗ್ಲಿಷರು ನಕ್ಷೆ ಹರಡಿಕೊಂಡು ಪಾಲು ಮಾಡಿದರು. ಘಟ್ಟದ ಕೆಳಗಿನ ಕೆನರಾ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ನಗರ (ಅದೇ ಬಿದನೂರು), ಇಕ್ಕೇರಿ, ಶಿವಮೊಗ್ಗ ಮೈಸೂರು ಅರಸರಿಗೆ ಬಂತು. ಮಲೆನಾಡಿನ ವ್ಯಾಪಾರದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಬೆಟ್ಟ ಒಂದು ರಾಜ್ಯ, ಬಂದರು ಇನ್ನೊಂದು ರಾಜ್ಯ. ನೂರೈವತ್ತು ವರ್ಷ ಇಕ್ಕೇರಿ, ಬಿದನೂರುಗಳಲ್ಲಿ ನಡೆಯುತ್ತಿದ್ದ ಬೆಲೆಯ ಮಾತು ಘಟ್ಟ ಇಳಿದು ಹೋಯಿತು. ಬೆಳೆದವನಿಗೆ ಉಳಿದದ್ದು, ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಕೆಲಸ.

ಇನ್ನು ಕಾಫಿ. ಬಾಬಾಬುಡನ್ ತಂದ ಬೀಜದ ಕಥೆ ಎಲ್ಲರಿಗೂ ಗೊತ್ತು, ಅದು ಬೇಡ. ಮುಖ್ಯವಾದ ವಿಷಯ ಏನೆಂದರೆ ಕಾಫಿ ತೋಟಗಳು ಎದ್ದದ್ದೇ ಹೊರದೇಶದ ಗಿರಾಕಿಗಾಗಿ. ಈಗಲೂ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೊರಗೆ ಹೋಗುತ್ತದೆ. ಇಟಲಿ, ಜರ್ಮನಿ, ರಷ್ಯಾ ದೊಡ್ಡ ಗಿರಾಕಿಗಳು. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ದಾರಿ ಮುಚ್ಚಿದಾಗ ಬೆಳೆಗಾರರು ಕಂಗಾಲಾದರು. 1942ರ ಕಾಯ್ದೆ ಬಂತು, ಕಾಫಿ ಬೋರ್ಡಿನ 'ಪೂಲ್' ಗಟ್ಟಿಯಾಯಿತು. ಮನೆ ಖರ್ಚಿಗೆ, ಬಿತ್ತನೆಗೆ ಸ್ವಲ್ಪ ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಬೋರ್ಡಿಗೆ ಕೊಡಬೇಕು. ಬೋರ್ಡು ಹರಾಜು ಹಾಕಿ, ದುಡ್ಡನ್ನು ಕಂತಿನಲ್ಲಿ ಕೊಡುತ್ತಿತ್ತು. ನಮ್ಮ ಅಜ್ಜನ ಕಾಲದ ಮದುವೆಗಳ ತಾರೀಕು ಪೂಲಿನ ಕಂತು ನೋಡಿಕೊಂಡೇ ಗೊತ್ತಾಗುತ್ತಿತ್ತಂತೆ.

ಆಗ ಬೇಲಿ ಎರಡು ಕಡೆಗೂ ಇತ್ತು. ದೇಶದ ಒಳಗೆ ಪೂಲ್. ಹೊರಗೆ ಅಂತರರಾಷ್ಟ್ರೀಯ ಕಾಫಿ ಒಪ್ಪಂದ, ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅನ್ನುವ ಕೋಟಾ. ಜೊತೆಗೆ ರೂಪಾಯಿಯಲ್ಲೇ ವ್ಯಾಪಾರ ಮಾಡುವ ಸೋವಿಯತ್ ಒಕ್ಕೂಟ. 1989ರ ಜುಲೈನಲ್ಲಿ ಕೋಟಾ ಮುರಿದು ಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ನಮ್ಮ ದೇಶವೂ ಡಾಲರ್ ಇಲ್ಲದೆ ರೂಪಾಯಿ ಬೆಲೆ ಇಳಿಸಿ ಬಾಗಿಲು ತೆರೆಯಿತು. 1996ರ ಹೊತ್ತಿಗೆ ಪೂಲ್ ಮುಗಿಯಿತು. ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು.

ಮೊದಲ ಕೆಲವು ವರ್ಷ ಹಬ್ಬ. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಇಲ್ಲಿ ಹೊಸ ಜೀಪು ಬರುವ ಕಾಲ. ಆಮೇಲೆ 2001-02ರಲ್ಲಿ ಜಗತ್ತಿನ ಕಾಫಿ ಬೆಲೆ ನೆಲ ಕಚ್ಚಿತು. ಕೊಯ್ಲಿನ ಕೂಲಿಯೂ ಗಿಟ್ಟದೆ ಹಣ್ಣು ಗಿಡದಲ್ಲೇ ಬಿಟ್ಟವರಿದ್ದರು. ಕಾರಣ ಹುಡುಕಿದರೆ ಹೊಸ ಹೆಸರೊಂದು ಕೇಳಿಸಿತು: ವಿಯೆಟ್ನಾಂ.

ವಿಯೆಟ್ನಾಂ ನಡುವೆ ಡಾಕ್ ಲಾಕ್, ಜಾ ಲಾಯ್ ಅಂತ ಎರಡು ಪ್ರಾಂತ್ಯ ಇವೆ. ನಮ್ಮ ಹಾಗೇ ಬೆಟ್ಟದ ಸೀಮೆ, ಕೆಂಪು ಮಣ್ಣು. 1986ರಲ್ಲಿ ಆ ದೇಶ ತನ್ನ ಆರ್ಥಿಕ ನೀತಿ ಬದಲಿಸಿತು. ಬೆಳೆ, ಹೊರಗೆ ಮಾರು, ಇಷ್ಟೇ ಮಂತ್ರ. ಹತ್ತು-ಹದಿನೈದು ವರ್ಷದಲ್ಲಿ ರೋಬಸ್ಟಾ ಕಾಫಿಯಲ್ಲಿ ಜಗತ್ತಿಗೇ ಮೊದಲ ಸ್ಥಾನ. ಅದರ ಬೆನ್ನಿಗೇ ಮೆಣಸು. ಈ ಶತಮಾನದ ಆರಂಭಕ್ಕೆ ಮೆಣಸಿನ ರಫ್ತಿನಲ್ಲೂ ಅವರೇ ಮೊದಲು. ಪೋರ್ಚುಗೀಸರನ್ನು ಘಟ್ಟ ಹತ್ತಿಸಿದ ಕಾಳು ಈಗ ಬೇರೆ ಬೆಟ್ಟದ್ದು.

ಆ ದೇಶದ ರಫ್ತು ಅದರ ಜಿಡಿಪಿಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ. ನಮ್ಮದು ಐದರಲ್ಲಿ ಒಂದು ಭಾಗದ ಆಸುಪಾಸು. ಅವರು ಬೆಳೆಯುವ ಮೆಣಸನ್ನು ಅವರೇ ತಿನ್ನುವುದು ತೀರಾ ಕಡಿಮೆ, ಹೆಚ್ಚುಕಡಿಮೆ ಎಲ್ಲವೂ ಹಡಗಿಗೆ. ನಾವು ನಮ್ಮ ಮೆಣಸಿನ ಬಹುಪಾಲನ್ನು ಸಾರಿಗೆ, ಕಷಾಯಕ್ಕೆ, ಮಸಾಲೆಗೆ ಹಾಕಿ ಮುಗಿಸುತ್ತೇವೆ. ಹಾಗಾಗಿ ನಮ್ಮಲ್ಲಿ ಬೆಲೆ ಹೊರಗಿನದಕ್ಕಿಂತ ಮೇಲೇ ನಿಂತಿರುತ್ತದೆ. ಅದನ್ನು ನಿಲ್ಲಿಸಿರುವುದು ಆಮದು ಸುಂಕದ ಗೋಡೆ.

ಗೋಡೆಗೆ ಕಿಂಡಿಗಳೂ ಇವೆ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಅದರಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಂ ಸೇರಿದ ಆಸಿಯಾನ್ ದೇಶಗಳ ಜೊತೆಗಿನ ಒಪ್ಪಂದ 2010ರಿಂದ. 2015-16ರಲ್ಲಿ ಕಿಲೋಗೆ 700 ರೂಪಾಯಿ ಹತ್ತಿರ ಹೋಗಿದ್ದ ಮೆಣಸು ಎರಡು-ಮೂರು ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಬರುತ್ತಿದೆ ಎಂಬುದು ಬೆಳೆಗಾರರ ದೂರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ಅದಕ್ಕಿಂತ ಅಗ್ಗದ ಮೆಣಸು ತರುವ ಹಾಗಿಲ್ಲ.

ಆದರೆ ಮೆಣಸಿನಿಂದ ಎಣ್ಣೆ, ಸತ್ವ ತೆಗೆದು ಹೊರದೇಶಕ್ಕೆ ಮಾರುವ ಕಾರ್ಖಾನೆಗಳೂ ನಮ್ಮಲ್ಲಿವೆ. ಅವರಿಗೆ ಅಗ್ಗದ ಕಾಳು ಬೇಕು, ಇಲ್ಲದಿದ್ದರೆ ಅವರ ರಫ್ತು ಬೀಳುತ್ತದೆ. ಹಾಗಾಗಿ ರಫ್ತಿಗೆಂದೇ ತರುವ ಮೆಣಸಿಗೆ ಈ ನಿಯಮದಿಂದ ವಿನಾಯಿತಿ. 'ದೇಶದ ರಫ್ತು ಹೆಚ್ಚಬೇಕು' ಅಂತ ಭಾಷಣ ಕೇಳುವಾಗ ನಾವು ಒಂದು ಕ್ಷಣ ನಿಂತು ಯಾರ ರಫ್ತು ಅಂತ ಕೇಳಬೇಕು. ಮೆಣಸು ಬೆಳೆಯುವವನದ್ದಾ, ಮೆಣಸಿನ ಎಣ್ಣೆ ಮಾರುವವನದ್ದಾ? ಎರಡೂ ದೇಶದ ಲೆಕ್ಕಕ್ಕೇ ಸೇರುತ್ತವೆ, ಚಿಕ್ಕಪ್ಪನ ಲೆಕ್ಕಕ್ಕೆ ಒಂದೇ.

ಅಡಿಕೆ ಕಥೆ ಪೂರ್ತಿ ಉಲ್ಟಾ. ಅಡಿಕೆ ನಮ್ಮಲ್ಲೇ ಬೆಳೆದು ನಮ್ಮಲ್ಲೇ ಉಗಿದು ಮುಗಿಯುವ ಮಾಲು. ರಫ್ತು ಲೆಕ್ಕಕ್ಕೆ ಬರುವಷ್ಟಿಲ್ಲ. ಆದರೂ ಹೊರದೇಶದ ಸುದ್ದಿಗೆ ಹೆಚ್ಚು ಬೆಚ್ಚಿ ಬೀಳುವುದು ಅಡಿಕೆ ಮಂಡಿಯೇ.

ಸ್ವಾತಂತ್ರ್ಯಕ್ಕೆ ಮುಂಚೆ ಸಿಲೋನ್, ಮಲಯ ಕಡೆಯಿಂದ ಅಡಿಕೆ ಹೇರಳವಾಗಿ ಬರುತ್ತಿತ್ತು. ಇಲ್ಲಿ ಬೆಳೆಗಾರ ದಲ್ಲಾಳಿಯ ಕೈಲಿದ್ದ. ಶಿವಮೊಗ್ಗದಲ್ಲಿ 1939ರಲ್ಲಿ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿದ್ದು ಆ ಹೊತ್ತಿನಲ್ಲಿ. ದೇಶ ವಿಭಜನೆಯಲ್ಲಿ ಪೂರ್ವ ಬಂಗಾಳದ ಅಡಿಕೆ ಸೀಮೆ ಪಾಕಿಸ್ತಾನಕ್ಕೆ ಹೋಯಿತು. 1949ರಲ್ಲಿ ಕೇಂದ್ರ ಅಡಿಕೆ ಸಮಿತಿ ರಚನೆಯಾಯಿತು. ಹೊರಗಿನ ಅಡಿಕೆ ಸಾಕು, ನಾವೇ ಬೆಳೆಯೋಣ ಅನ್ನುವುದು ಗುರಿ. ಆ ಗುರಿ ಎಷ್ಟು ಚೆನ್ನಾಗಿ ಮುಟ್ಟಿದೆವು ಅಂದರೆ, ಈಗ ಭಾರತವೇ ಜಗತ್ತಿನ ದೊಡ್ಡ ಅಡಿಕೆ ದೇಶ, ಅದರಲ್ಲಿ ದೊಡ್ಡ ಪಾಲು ಕರ್ನಾಟಕದ್ದು. ತೋಟ ಬಯಲುಸೀಮೆಗೂ ಇಳಿದಿದೆ. ಆಮದು ತಡೆದು ಬೆಳೆಸಿದ ಬೆಳೆಯಾದ್ದರಿಂದ ಆಮದಿನ ಹೆಸರು ಕೇಳಿದರೆ ಭಯ.

ಈಗಿನ ಲೆಕ್ಕ ನೋಡಿ. ಅಡಿಕೆಯ ಕನಿಷ್ಠ ಆಮದು ಬೆಲೆ 2015ರಲ್ಲಿ ಕಿಲೋಗೆ 162 ರೂಪಾಯಿ ಇತ್ತು. 2017ರಲ್ಲಿ 251 ಆಯಿತು. 2023ರ ಫೆಬ್ರುವರಿಯಲ್ಲಿ 351. ಅಂದರೆ ಕ್ವಿಂಟಲಿಗೆ 35,100. ಮೇಲೆ ನೂರಕ್ಕೆ ನೂರು ಸುಂಕ ಸೇರಿದರೆ 70,200. ಇಷ್ಟು ಕೊಟ್ಟು ಯಾರೂ ಸುಮ್ನೆ ಹೊರಗಿನ ಅಡಿಕೆ ತರುವುದಿಲ್ಲ. ಆದರೆ ಒಪ್ಪಂದದಲ್ಲಿ ಸುಂಕ ಮಾಫಿ ಇರುವ ನೆರೆದೇಶದ ಹೆಸರಲ್ಲಿ ಬಂದರೆ? ಲೆಕ್ಕ ಮತ್ತೆ 35,100ಕ್ಕೇ ಬಂದು ನಿಲ್ಲುತ್ತದೆ. ಮಂಡಿಯಲ್ಲಿ 'ರಾಶಿ' ಅನ್ನುವ ದರ್ಜೆಯ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದ ದಿನ ಈ ನಡುವಿನ ಅಂತರವೇ ಒಂದು ಉದ್ಯೋಗ. ಇನ್ನು ಮ್ಯಾನ್ಮಾರ್ ಗಡಿಯಲ್ಲಿ ಕಳ್ಳದಾರಿಯಲ್ಲಿ ಬರುವ ಅಡಿಕೆಗೆ ಈ ಯಾವ ಲೆಕ್ಕವೂ ಇಲ್ಲ. ಹುರಿದ ಅಡಿಕೆ ಅಂತ ಬೇರೆ ಪಟ್ಟಿಯಲ್ಲಿ ತೋರಿಸಿ ತರುವ ದಾರಿಯೂ ಒಂದಿತ್ತು. ಅದಕ್ಕೂ 2025ರಲ್ಲಿ ಇದೇ 351ರ ಬೇಲಿ ಹಾಕಿದರು.

2022ರ ಸೆಪ್ಟೆಂಬರ್‌ನಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಸರ್ಕಾರ ಅನುಮತಿ ಕೊಟ್ಟಾಗ ಮಲೆನಾಡಿನಲ್ಲಿ ಗದ್ದಲವೋ ಗದ್ದಲ. ಪ್ರತಿಭಟನೆ, ಮನವಿ, ಟಿವಿ ಚರ್ಚೆ. ದೇಶದ ಉತ್ಪಾದನೆ 12 ಲಕ್ಷ ಟನ್‌ಗಿಂತ ಜಾಸ್ತಿ. 17 ಸಾವಿರ ಟನ್ ಹಸಿ ಅಡಿಕೆ ಸುಲಿದು ಒಣಗಿಸಿದರೆ ಇನ್ನೂ ಎಷ್ಟೋ ಕಡಿಮೆ. ಸಮುದ್ರಕ್ಕೆ ಒಂದು ಚೊಂಬು ನೀರು ಹಾಕಿದ ಹಾಗೆ. ನಾನು ಇದನ್ನು ಚಿಕ್ಕಪ್ಪನಿಗೆ ಹೇಳಿದೆ. "ಚೊಂಬು ಎಷ್ಟು ದೊಡ್ಡದು ಅಂತ ಗಡಿಯಲ್ಲಿ ಅಳೆಯೋರು ಯಾರು?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ತೋಟದಿಂದ ಹೊರಗೆ ಹೋಗುವುದರ ಬಗ್ಗೆಯೇ ಇಷ್ಟು ಹೇಳಿದೆ. ಒಳಗೆ ಬರುವುದೂ ಇದೆ. ಅಡಿಕೆಗೆ ಹಾಕುವ ಪೊಟ್ಯಾಷ್ ಗೊಬ್ಬರಕ್ಕೆ ನಾವು ಹೊರದೇಶವನ್ನೇ ನಂಬಿದ್ದೇವೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಬೇಕು. ಮೈಲುತುತ್ತ ತಯಾರಾಗುವುದು ತಾಮ್ರದಿಂದ. ತೂತುಕುಡಿಯ ದೊಡ್ಡ ತಾಮ್ರ ಕಾರ್ಖಾನೆ 2018ರಲ್ಲಿ ಮುಚ್ಚಿದ ಮೇಲೆ ದೇಶ ತಾಮ್ರವನ್ನೂ ಹೊರಗಿನಿಂದ ಜಾಸ್ತಿ ತರುತ್ತಿದೆ. ರೂಪಾಯಿ ಇಳಿದರೆ ಕಾಫಿಯಲ್ಲಿ ಬಂದದ್ದು ಇಲ್ಲಿ ಹೋಗುತ್ತದೆ. ಚಿಕ್ಕಪ್ಪನ ಖುಷಿ ಜೂನ್‌ವರೆಗೆ ಮಾತ್ರ.

ಹೊರಗಿನ ಬೆಲೆಯ ಪೆಟ್ಟು ತೋಟಕ್ಕೆ ಮಾತ್ರ ಅಲ್ಲ, ಕಾರ್ಖಾನೆಗೂ ಬಿದ್ದಿದೆ. ಭದ್ರಾವತಿಯ ಕಥೆ ಹೇಳದೆ ಬಿಟ್ಟರೆ ಶಿವಮೊಗ್ಗದವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಅಲ್ಲಿನ ಕಬ್ಬಿಣದ ಕಾರ್ಖಾನೆ ಇದ್ದಿಲಿನಲ್ಲಿ ಕಬ್ಬಿಣ ಕರಗಿಸಿತು. ಮೊದಲ ಮಹಾಯುದ್ಧದ ಬೆಲೆ ನೋಡಿ ಹಾಕಿದ ಯೋಜನೆ, ಬಾಗಿಲು ತೆರೆಯುವ ಹೊತ್ತಿಗೆ ಬೆಲೆ ಬಿದ್ದಿತ್ತು. ಕಾಗದ ಕಾರ್ಖಾನೆ 1981ರಲ್ಲಿ ನ್ಯೂಸ್‌ಪ್ರಿಂಟ್ ಶುರು ಮಾಡಿತು. ಹತ್ತು ವರ್ಷ ಕಳೆದ ಮೇಲೆ ಆಮದಿನ ಬಾಗಿಲು ತೆರೆಯಿತು. ಆ ಕಾಗದ ಕಾರ್ಖಾನೆ ಈಗ ನಿಂತುಹೋಗಿದೆ. ನಿಲ್ಲಲು ಬೇರೆ ಕಾರಣಗಳೂ ಇದ್ದವು, ಆ ಕಥೆ ಬೇರೆಯೇ ಬರೆಯಬೇಕು.

ಹೊಸ ಸುದ್ದಿ ಯೂರೋಪಿನದು. ಕಾಡು ಕಡಿದು ಬೆಳೆದ ಕಾಫಿ ನಮಗೆ ಬೇಡ ಅಂತ ಯೂರೋಪ್ ಒಕ್ಕೂಟ ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಅಂತ ತೋರಿಸಬೇಕು, ತೋಟದ ಜಾಗವನ್ನು ಉಪಗ್ರಹ ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. ಜಾರಿಯ ದಿನವನ್ನು ಎರಡು ಸಲ ಮುಂದೂಡಿದ್ದಾರೆ. ಕಳೆದ ಸಲ ಊರಿಗೆ ಹೋದಾಗ ಚಿಕ್ಕಪ್ಪ ಮೊಬೈಲು ಎತ್ತಿ ಹಿಡಿದುಕೊಂಡು ತೋಟದ ಅಂಚಿನಲ್ಲಿ ನಡೆಯುತ್ತಿದ್ದರು. ಮೂಲೆಮೂಲೆಯಲ್ಲೂ ನಿಂತು ಗುರುತು ಹಾಕಬೇಕು, ಮರದ ಕೆಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. "ಇದು ಕಾಫಿಗೆ ಮಾತ್ರವಂತೆ" ಅಂದರು. "ಮೇಲೆ ನಿಂತಿರೋ ಅಡಿಕೆಗೆ ಬೇಡವಂತೆ."