ರೂಬಿಯಲ್ಲಿ ಕ್ಲಾಸ್ ತಿದ್ದುವುದು: ಹಳೆಯ ಮೆಥಡ್ ಎಲ್ಲಿ ಹೋಗುತ್ತದೆ?

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೇರೆಯವರು ಬರೆದ ಕ್ಲಾಸನ್ನೂ ನಮ್ಮ ಕೋಡ್‌ನಿಂದಲೇ ತಿದ್ದಬಹುದು. ಉದಾಹರಣೆ ಕಾಫಿ ತೂಕದ್ದೇ ಇರಲಿ. ಚಿಕ್ಕಮಗಳೂರು ಕಡೆ ಪಾರ್ಚ್‌ಮೆಂಟ್ (ತೆಳು ಪೊರೆ ಇರುವ ಒಣ ಕಾಫಿ ಬೀಜ) ದರ ಹೇಳುವುದು 50 ಕೆಜಿ ಚೀಲದ ಲೆಕ್ಕದಲ್ಲಿ. ಒಂದು ಜೆಮ್‌ನಲ್ಲಿ (ಬೇರೆಯವರು ಬರೆದ ರೂಬಿ ಕೋಡ್‌ನ ಕಟ್ಟು) ‘ಲಾಟ್’ ಎಂಬ ಕ್ಲಾಸ್ (ಆಬ್ಜೆಕ್ಟ್‌ಗಳನ್ನು ಹುಟ್ಟಿಸುವ ಅಚ್ಚು) ಇದೆ, ಅದರ ‘ತೂಕ’ ಮೆಥಡ್ (ಹೆಸರಿಟ್ಟು ಕರೆಯುವ ಕೋಡ್) ಗೋಣಿಯೂ ಸೇರಿದ ಒಟ್ಟು ತೂಕ ಕೊಡುತ್ತದೆ ಎಂದಿಟ್ಟುಕೊಳ್ಳಿ. ಚೀಲಕ್ಕೆ 1 ಕೆಜಿ ಗೋಣಿ ತೂಕ ಕಳೆಯಬೇಕು. 10 ಚೀಲ ಸೇರಿ 510 ಕೆಜಿ ಇದ್ದರೆ ಉತ್ತರ 500. ಜೆಮ್‌ನ ಫೈಲ್ ಮುಟ್ಟುವಂತಿಲ್ಲ.

(ಕೀವರ್ಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ. ‘ತೂಕ’, ‘ಹಳೆ_ತೂಕ’ದಂಥ ಮೆಥಡ್ ಹೆಸರುಗಳು ಮಾತ್ರ ಕನ್ನಡದಲ್ಲೇ ಓಡುತ್ತವೆ. ಕ್ಲಾಸ್ ಹೆಸರು ಓಡುವುದಿಲ್ಲ: ಅದು ದೊಡ್ಡಕ್ಷರದಿಂದ ಶುರುವಾಗಬೇಕು, ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ.)

ರೂಬಿಯಲ್ಲಿ ‘ಕ್ಲಾಸ್ ಲಾಟ್’ ಎಂದು ಮತ್ತೆ ಬರೆದರೆ ಇರುವ ಕ್ಲಾಸೇ ತೆರೆದುಕೊಳ್ಳುತ್ತದೆ. ಮೆಥಡ್ ಹುಡುಕಾಟ ನಡೆಯುವುದು ಕರೆದ ಕ್ಷಣದಲ್ಲಿ, ಆದ್ದರಿಂದ ಮೊದಲೇ ಹುಟ್ಟಿದ ಆಬ್ಜೆಕ್ಟ್‌ಗಳಿಗೂ ಹೊಸ ಮೆಥಡ್ ಸಿಗುತ್ತದೆ. ಮೂಲ ಕ್ಲಾಸ್ ಇನ್ನೂ ಲೋಡ್ ಆಗಿರದಿದ್ದರೆ ಅದೇ ಹೆಸರಿನ ಖಾಲಿ ಕ್ಲಾಸ್ ಸದ್ದಿಲ್ಲದೆ ಹುಟ್ಟುತ್ತದೆ. ‘ಲಾಟ್.ಕ್ಲಾಸ್_ಎವಾಲ್’ ಬಳಸಿದರೆ ಈ ಅಪಾಯವಿಲ್ಲ, ಕ್ಲಾಸ್ ಸಿಗದಿದ್ದರೆ ನೇಮ್‌ಎರರ್ ಬರುತ್ತದೆ.

ಹೀಗೆ ತೆರೆದು ಹೊಸ ‘ತೂಕ’ ಬರೆದು, ಅದರ ಒಳಗೆ ‘ಸೂಪರ್’ ಕರೆದರೆ ಹಳೆಯ ‘ತೂಕ’ ಸಿಗುವುದಿಲ್ಲ. ಅದು ಅಳಿಸಿಹೋಗಿದೆ, ‘ಸೂಪರ್’ ಹುಡುಕುವುದು ಮೇಲಿನ ಕ್ಲಾಸ್‌ನಲ್ಲಿ. ಅಲ್ಲಿ ಇಲ್ಲ, ನೋಮೆಥಡ್‌ಎರರ್. ಹಾಗಾಗಿ ಅನೇಕರು ಹಳೆಯದಕ್ಕೆ ಇನ್ನೊಂದು ಹೆಸರಿಡುತ್ತಾರೆ (ಇಲ್ಲಿ ‘ಚೀಲಗಳು’ ಎಂದರೆ ಚೀಲಗಳ ಸಂಖ್ಯೆ ಕೊಡುವ ಮೆಥಡ್):

ಕ್ಲಾಸ್ ಲಾಟ್
  ಅಲಿಯಾಸ್_ಮೆಥಡ್ :ಹಳೆ_ತೂಕ, :ತೂಕ
  ಡೆಫ್ ತೂಕ
    ಹಳೆ_ತೂಕ - ಚೀಲಗಳು
  ಎಂಡ್
ಎಂಡ್

500 ಬಂತು. ಈಗ ಇದೇ ಫೈಲ್ ಎರಡನೇ ಸಲ ಓಡಲಿ. ‘ರಿಕ್ವೈರ್’ ಆದರೆ ಒಂದೇ ಸಲ, ‘ಲೋಡ್’ ಆದರೆ ಕರೆದಷ್ಟು ಸಲ; ಐಆರ್‌ಬಿಯಲ್ಲಿ (ಕೋಡ್ ಟೈಪ್ ಮಾಡಿ ಅಲ್ಲೇ ಓಡಿಸುವ ರೂಬಿ ಕಿಟಕಿ) ಮತ್ತೆ ಪೇಸ್ಟ್ ಮಾಡಿದರೂ ಅದೇ ಕಥೆ. ತಲೆ ಕೆಡುವುದು ಇಲ್ಲೇ, ನಿಧಾನವಾಗಿ ನೋಡೋಣ.

ಮೊದಲ ಸಲದ ನಂತರ ‘ಹಳೆ_ತೂಕ’ ಎಂದರೆ ಜೆಮ್‌ನ ಮೂಲ ಕೋಡ್, ‘ತೂಕ’ ಎಂದರೆ ನಮ್ಮ ಕೋಡ್. ಎರಡನೇ ಸಲ ಅಲಿಯಾಸ್ ಸಾಲು ಓಡಿದಾಗ ‘ತೂಕ’ದಲ್ಲಿ ಇರುವುದು ನಮ್ಮ ಕೋಡೇ, ಆದ್ದರಿಂದ ‘ಹಳೆ_ತೂಕ’ಕ್ಕೂ ಅದೇ ಅಂಟಿಕೊಳ್ಳುತ್ತದೆ. ಆ ಕೋಡ್‌ನ ಒಳಗೆ ಬರೆದಿರುವುದೇನು? ‘ಹಳೆ_ತೂಕ’ವನ್ನು ಕರೆ ಎಂದು. ಕರೆ ಹೋಗುವುದು ಹೆಸರಿಗೆ, ಹಿಂದೆ ಆ ಹೆಸರಲ್ಲಿದ್ದ ಕೋಡ್‌ಗಲ್ಲ. ಅಂದರೆ ‘ಹಳೆ_ತೂಕ’ ತನ್ನನ್ನೇ ಕರೆಯುತ್ತಾ ಹೋಗಿ ‘ಸ್ಟ್ಯಾಕ್ ಲೆವೆಲ್ ಟೂ ಡೀಪ್’ ಎಂದು ಬೀಳುತ್ತದೆ. ಮೂಲ ಕೋಡ್‌ಗೆ ಈಗ ಯಾವ ಹೆಸರೂ ಉಳಿದಿಲ್ಲ.

ಇದಕ್ಕೆ ಪರಿಹಾರ ‘ಪ್ರಿಪೆಂಡ್’; 2013ರಲ್ಲಿ ಬಂದ ರೂಬಿ 2.0ರಿಂದ ಇದೆ.

ಮಾಡ್ಯೂಲ್ ಗೋಣಿ_ಕಳೆ
  ಡೆಫ್ ತೂಕ
    ಸೂಪರ್ - ಚೀಲಗಳು
  ಎಂಡ್
ಎಂಡ್
ಲಾಟ್.ಪ್ರಿಪೆಂಡ್ ಗೋಣಿ_ಕಳೆ

(ಮಾಡ್ಯೂಲ್ ಹೆಸರಿಗೂ ದೊಡ್ಡಕ್ಷರವೇ ಬೇಕು.) ಮಾಡ್ಯೂಲ್ ಹುಡುಕಾಟದ ಸಾಲಿನಲ್ಲಿ ಕ್ಲಾಸ್‌ಗಿಂತ ಮುಂದೆ ನಿಲ್ಲುತ್ತದೆ. ‘ಸೂಪರ್’ ಈಗ ಜೆಮ್‌ನ ‘ತೂಕ’ಕ್ಕೇ ಹೋಗುತ್ತದೆ, ಏನೂ ಅಳಿಸಿಲ್ಲ. ಅದೇ ಮಾಡ್ಯೂಲನ್ನು ಎರಡು ಸಲ ಪ್ರಿಪೆಂಡ್ ಮಾಡಿದರೂ ಒಂದೇ ಸಲ ಸೇರುತ್ತದೆ, ಹತ್ತು ಸಲ ಲೋಡ್ ಆದರೂ 500.

ಹೆಸರಿಡದೆ ‘ಮಾಡ್ಯೂಲ್.ನ್ಯೂ’ ಎಂದು ಅಲ್ಲೇ ಸೃಷ್ಟಿಸಿ ಪ್ರಿಪೆಂಡ್ ಮಾಡಬೇಡಿ. ಪ್ರತಿ ಲೋಡ್‌ಗೂ ಬೇರೆಯದೇ ಮಾಡ್ಯೂಲ್ ಹುಟ್ಟುತ್ತದೆ, ಗೋಣಿ ಎರಡು ಸಲ ಕಳೆದು 490 ಬರುತ್ತದೆ. ಎರರ್ ಇಲ್ಲ, ಬಿಲ್ ಮಾತ್ರ ತಪ್ಪು. ನನ್ನ ಮಟ್ಟಿಗೆ ಸ್ಟ್ಯಾಕ್ ಎರರ್‌ಗಿಂತ ಇದು ಕೆಟ್ಟದ್ದು. ಒಂದೇ ಮೆಥಡ್‌ಗೆ ಒಬ್ಬರು ಅಲಿಯಾಸ್, ಇನ್ನೊಬ್ಬರು ಪ್ರಿಪೆಂಡ್ ಬಳಸಿದರೂ ಕೊನೆಯಿಲ್ಲದ ಸುತ್ತಾಟ ಆಗಬಹುದು.

ರಿಫೈನ್‌ಮೆಂಟ್ ಕೂಡ ಇದೆ. ಅದರ ತಿದ್ದುಪಡಿ ‘ಯೂಸಿಂಗ್’ ಬರೆದ ಫೈಲ್‌ನಲ್ಲಿ, ಆ ಸಾಲಿನ ಕೆಳಗೆ ಬರೆದ ಕರೆಗಳಿಗೆ ಮಾತ್ರ. ಜೆಮ್ ಒಳಗಿನಿಂದಲೇ ‘ತೂಕ’ ಕರೆದರೆ ಹಳೆಯದೇ ಓಡುತ್ತದೆ, ನಮ್ಮ ಲೆಕ್ಕಕ್ಕೆ ಉಪಯೋಗವಿಲ್ಲ.

ಅನುಮಾನ ಬಂದರೆ ಆಬ್ಜೆಕ್ಟ್ ಮೇಲೆ ‘ಮೆಥಡ್(:ತೂಕ).ಓನರ್’ ಕೇಳಿ, ‘ಗೋಣಿ_ಕಳೆ’ ಎಂದು ಬರಬೇಕು. ‘ಸೋರ್ಸ್_ಲೊಕೇಶನ್’ ಫೈಲ್ ಮತ್ತು ಸಾಲಿನ ಸಂಖ್ಯೆ ಕೊಡುತ್ತದೆ. ‘ಲಾಟ್.ಆನ್ಸೆಸ್ಟರ್ಸ್’ನಲ್ಲಿ (ಹುಡುಕಾಟದ ಸಾಲಿನ ಪಟ್ಟಿ) ‘ಲಾಟ್’ಗಿಂತ ಮುಂಚೆ ಹೆಸರಿಲ್ಲದ ಎರಡು ಮಾಡ್ಯೂಲ್ ಕಂಡರೆ 490 ಎಲ್ಲಿಂದ ಬಂತೆಂದು ಸಿಕ್ಕಿತು.